ಮಿಲ್ ಟೀಮಿನ ವ್ಯಾಪಾರ

"ನಾಳೆಯಿಂದ ಟೀಮಿಗೆ ನಾನು ಮುದ್ದೆ ತೊಳಸಲ್ಲ" ಎಂದು ರಮ್ಯ ಹಿಟ್ಟಿನ ಕೋಲನ್ನು ಗೋಡೆಗೆ ಒರಗಿಸಿದಳು.

ಅವಳ ಅತ್ತೆ ಚನ್ನಾಜಮ್ಮ ಒಲೆಯ ಆಚೆ ಕಾಲು ನೀಡಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಮತ್ತೆ ಯಾರು ತೊಳಸ್ತಾರೆ? ನಾನಾ? ಮಂಡಿ ಊರಿ ಏಳಕ್ಕಾಗದೋಳು?"

"ಯಾರಾದ್ರೂ ತೊಳಸ್ಲಿ. ಮದುವೆ ಮಾಡೋವಾಗ ರೈಸ್ ಮಿಲ್ಲಿನ ಮನೆ ಅಂದ್ರು. ಹೋಟ್ಲು ಅಂತ ಯಾರೂ ಹೇಳಿರ್ಲಿಲ್ಲ."

"ಹೋಟ್ಲಲ್ಲಿ ಉಂಡೋರು ಎದ್ದು ಹೋಯ್ತಾರೆ. ಇವ್ರು ನಮ್ಮನೆ ಹೆಸರು ಹೊತ್ಕೊಂಡು ಆಡ್ತಾರೆ."

"ಹೆಸರು ಅವರು ಹೊತ್ಕೊಳ್ತಾರೆ. ತಪ್ಪಲೆ ನಾನು ಹೊತ್ಕೊಳ್ತೀನಿ."

ನಂಜನಗೂಡಿನಿಂದ ಕಳಲೆಗೆ ಹೋಗುವ ರಸ್ತೆಯಲ್ಲಿ ಅವರ ಮಿಲ್ಲು, ಮಿಲ್ಲಿಗೆ ಅಂಟಿಕೊಂಡೇ ಮನೆ. ಚನ್ನಾಜಮ್ಮನವರ ಮಾವ ಸಿದ್ದಮಲ್ಲಪ್ಪನವರು ಮೂಟೆ ಹೊರುವ ಹಮಾಲಿಗಳನ್ನು ಕಟ್ಟಿಕೊಂಡು ಶುರು ಮಾಡಿದ ಫುಟ್‌ಬಾಲ್ ಟೀಮು ಈಗ ಅವರ ಹೆಸರಿನಲ್ಲೇ ಬೆಂಗಳೂರಿನ ಲೀಗಿನ ಮೊದಲನೇ ಡಿವಿಷನ್ನಿನಲ್ಲಿ ಆಡುತ್ತಿತ್ತು. ಊರಿನವರ ಬಾಯಲ್ಲಿ ಅದು ಮಿಲ್ ಟೀಮು. ಆಟಗಾರರಿಗೆ ತಿಂಗಳ ಸಂಬಳ, ಎರಡು ಹೊತ್ತು ಊಟ. ಕೇರಳದ ಹುಡುಗರೂ ಮೈಸೂರಿನವರೂ ಗೋಡೌನಿನ ಪಕ್ಕದ ಶೆಡ್ಡಿನಲ್ಲಿ ಮಲಗುತ್ತಿದ್ದರು. ಸಂಬಳ ಮಿಲ್ಲಿನ ಗಲ್ಲಾದಿಂದ, ಊಟ ಈ ಒಲೆಯಿಂದ. ಲಿಂಗಾಯತರ ಮನೆ, ಮೊಟ್ಟೆ ಕೂಡ ಇಲ್ಲ. ಕೇರಳದವರು ಹೊಳೆದಂಡೆಯಲ್ಲಿ ಮೀನು ತಿಂದು ಬಂದ ದಿನ ಚನ್ನಾಜಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಮಾರನೇ ದಿನದ ಮುದ್ದೆ ಮಾತ್ರ ಕಡಿಮೆಯಾಗುತ್ತಿರಲಿಲ್ಲ.

ಗೋಲ್‌ಕೀಪರ್ ಚಿಕ್ಕಮಾದು ಒಬ್ಬ ಟಿ. ನರಸೀಪುರದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಅವನೂ ಅದೇ ಅಡುಗೆ ಉಣ್ಣುತ್ತಿದ್ದ, ಆದರೆ ಶೆಡ್ಡಿನ ಹೊರಗೆ, ಭತ್ತ ಒಣಹಾಕುವ ಕಣದ ಅಂಚಿನಲ್ಲಿ. ಅಲ್ಲಿ ಕೂರು ಎಂದು ಅವನಿಗೆ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಒಳಗೆ ಬಾ ಎಂದು ಹೇಳಿದ್ದೂ ನೆನಪಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ತೆಗೆದವನು ರಮ್ಯಳ ಗಂಡ ಬಸವಪ್ರಸಾದ್. ಮನೆಯ ಹಿರಿಯ ಮಗ. ಮಿಲ್ಲಿನ ವ್ಯವಹಾರವೆಲ್ಲ ಅವನದೇ.

"ಅಪ್ಪಾಜಿ, ಟೀಮು ಕೇಳ್ಕಂಡು ಬೆಂಗಳೂರಿನ ಪಾರ್ಟಿ ಬಂದದೆ."

ತಂದೆ ಗಂಗಾಧರಸ್ವಾಮಿಯವರು ಮುದ್ದೆ ಮುರಿದು ಸಾರಿಗೆ ಅದ್ದಿದರು. "ಯಾರಂತೆ?"

"ಬಿಲ್ಡರ್ರು. ಲೇಔಟ್ ಮಾಡೋರು."

"ಲೇಔಟ್ ಮಾಡೋರಿಗೆ ಚೆಂಡು ಯಾಕಂತೆ?" ಎಂದ ಕಿರಿಯ ಮಗ ಮದನ್. ಟೀಮಿನ ಮ್ಯಾನೇಜರ್ ಅವನೇ.

"ಅದು ಕಟ್ಕಂಡು ನಿಂಗೇನು? ಈ ಸಲ ಆಡಿದ್ದೆಲ್ಲ ಸೋತು ಕೂತಿದ್ದೀಯ."

"ಬೂಟು ಕೊಡ್ಸು ಅಂದ್ರೆ ಹಳೇದನ್ನೇ ಹೊಲಿಸ್ಕೊಳ್ಳಿ ಅಂತೀಯ. ಸೋಲದೆ ಇನ್ನೇನ್ ಮಾಡ್ತಾರೆ?"

"ಮೈಸೂರು ಮಿಲ್ಲಿನೋರೆಲ್ಲ ಹೊಸ ಮೆಷಿನ್ ಹಾಕ್ಬುಟ್ರು ಕಣೋ. ಕಪ್ಪು ಕಾಳು ತಾನಾಗೇ ಆರ್ಸಿ ಎಸೀತದೆ. ನಮ್ಮಕ್ಕಿ ಕಂಡ್ರೆ ಫ್ಯಾಕ್ಟ್ರಿ ಕ್ಯಾಂಟೀನಿನೋರು ಮೂಗು ಮುರೀತಾವ್ರೆ. ಆ ಸಪ್ಲೈ ಹೋದ್ಮೇಲೆ ನಿನ್ನ ಚೆಂಡು ಬೇಯಿಸ್ಕಂಡು ತಿನ್ನಾಣ."

ಗಂಗಾಧರಸ್ವಾಮಿಯವರು ಇಬ್ಬರ ಮುಖವನ್ನೂ ನೋಡಲಿಲ್ಲ. "ಹುಡುಗ್ರು ಏನಾಯ್ತಾರೆ?"

"ಅವ್ರಿಗೇನು? ಬೆಂಗಳೂರು. ದೊಡ್ಡ ಸಂಬಳ." ಆಗ ಬಸವಪ್ರಸಾದನೂ ಹಾಗೆಂದೇ ತಿಳಿದಿದ್ದ.

"ಅವ್ರಿಗೆ ಒಳ್ಳೆ ಮನೆ ಸಿಕ್ಕೋದಾದ್ರೆ ಕೊಡ್ತೀನಿ. ಇಲ್ದಿದ್ರೆ ಆ ಪಾರ್ಟಿ ಬಂದ ದಾರೀಲೇ ಹೋಗ್ಲಿ."

ಅಡುಗೆಮನೆ ಬಾಗಿಲಿನಿಂದ ರಮ್ಯ ಅಂದಳು: "ಮನೆ ಒಳ್ಳೇದೋ ಕೆಟ್ಟದ್ದೋ, ಅಲ್ಲೂ ಒಬ್ಬಳು ಅಡುಗೆ ಮಾಡೋಳು ಇರ್ತಾಳೆ ಮಾವ. ಪಾಪ."

ಮುಂದಿನ ವಾರ ಪಾರ್ಟಿ ಬಂತು. ಬಿಲ್ಡರ್ ಬರಲಿಲ್ಲ, ಅವನ ಮ್ಯಾನೇಜರ್ ಒಬ್ಬ, ಜೊತೆಗೆ ದಲ್ಲಾಳಿಯಾಗಿ ಗೋವಿಂದಯ್ಯ. ಗೋವಿಂದಯ್ಯ ನರಸೀಪುರದವನೇ. ಒಂದು ಕಾಲದಲ್ಲಿ ರೆಫ್ರಿಯಾಗಿ ಸೀಟಿ ಊದುತ್ತಿದ್ದವನು, ಈಗ ಬೆಂಗಳೂರಿನಲ್ಲಿ ಇಂಥ ಕೆಲಸಗಳಿಗೆ ಓಡಾಡುತ್ತಿದ್ದ. ಜಗಲಿಯ ಮೇಲೆ ಚಾಪೆ ಹಾಸಿ ಕಾಫಿ ಕೊಟ್ಟರು. ಮ್ಯಾನೇಜರ್ ಬ್ಯಾಗು ತೆರೆದು ಕೆಮ್ಮಿದ.

"ಸಾರ್, ನಮ್ಮ ಆಫರ್ ಏನಂದ್ರೆ—"

"ಬಾಯಲ್ಲಿ ಬ್ಯಾಡ" ಎಂದು ಗಂಗಾಧರಸ್ವಾಮಿಯವರು ಹೆಗಲ ಮೇಲಿನ ಟವೆಲನ್ನು ತೆಗೆದು ಬಲಗೈ ಮೇಲೆ ಹಾಕಿಕೊಂಡರು.

ತಂದೆಯ ಮಿಲ್ಲು ಕೈಗೆ ಬರುವ ಮುಂಚೆ ಅವರು ಎತ್ತಿನ ವ್ಯಾಪಾರ ಮಾಡಿದವರು. ಮುಡುಕುತೊರೆಯ ಜಾತ್ರೆಯ ದನಗಳ ಸಾಲಿನಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಕೈ ಇನ್ನೊಬ್ಬರು ಹಿಡಿದು, ಬೆರಳು ಒತ್ತಿ ಕೇಳಬೇಕು, ಬೆರಳು ಒತ್ತಿ ಹೇಳಬೇಕು. ಸುತ್ತ ನಿಂತವರಿಗೆ ಕಾಣುವುದು ಟವೆಲು ಅಲುಗುವುದಷ್ಟೇ. ಭತ್ತ ಕೊಳ್ಳುವಾಗ, ಗದ್ದೆ ಮಾರುವಾಗ, ಮಗಳ ಮದುವೆಯ ಮಾತುಕತೆಯಲ್ಲಿ ಕೂಡ ಅವರು ಟವೆಲು ಹಾಸಿದ್ದರೆಂದು ಊರಿನವರು ನಗುತ್ತಿದ್ದರು.

ಮ್ಯಾನೇಜರ್ ಗಾಬರಿಯಿಂದ ಗೋವಿಂದಯ್ಯನ ಕಡೆ ನೋಡಿದ. ಗೋವಿಂದಯ್ಯ ನಕ್ಕು, ಮ್ಯಾನೇಜರ್ ಕಿವಿಯಲ್ಲಿ ಮೊತ್ತ ಕೇಳಿಕೊಂಡು ಟವೆಲಿನೊಳಗೆ ಕೈ ಇಟ್ಟ. ಬಹಳ ಹೊತ್ತು ಇಬ್ಬರೂ ಬೀದಿಯ ಕಡೆ ನೋಡುತ್ತ ಕೂತಿದ್ದರು. ಗಂಗಾಧರಸ್ವಾಮಿಯವರು ಒಮ್ಮೆ ತಲೆಯಾಡಿಸಿದರು. ಮತ್ತೊಮ್ಮೆ ಕೈ ಕಿತ್ತುಕೊಂಡು ಎದ್ದೇಬಿಡುವಂತೆ ಮಾಡಿದರು. ಕೊನೆಗೆ ಟವೆಲು ನಿಶ್ಚಲವಾಯಿತು.

"ಆಯ್ತು" ಎಂದರು.

ಆ ಜಗಲಿಯ ಮೇಲೆ ಮಾತಿನಲ್ಲಿ ಆದ ವ್ಯಾಪಾರ ಅಷ್ಟೇ.

ಅವರು ಎದ್ದು ಹೋದ ಮೇಲೆ ಮದನ್ ಕೇಳಿದ: "ಹುಡುಗ್ರ ವಿಷ್ಯ ಏನಂದ್ರು ಅಪ್ಪಾಜಿ?"

"ಏನನ್ನೋದು? ಮಾರಿದ್ದೇ ಅವ್ರನ್ನಲ್ವೇನ್ಲಾ. ಎತ್ತು ಮಾರ್ಬುಟ್ಟು ಎತ್ತಿನ ವಿಷ್ಯ ಬ್ಯಾರೆ ಮಾತಾಡಾರಾ? ಹಗ್ಗ ನಮ್ಮದು, ಎತ್ತು ಅವ್ರದು. ನಮ್ಮಪ್ಪನ ಹೆಸರು ಇಲ್ಲೇ ಇರ್ತದೆ. ಅವ್ರು ಬೇಕಾದ್ ಹೆಸರು ಇಟ್ಕಳ್ಳಿ."

ಮದನ್ ಇನ್ನೊಂದು ಮಾತು ಕೇಳುವಷ್ಟರಲ್ಲಿ ಅಪ್ಪ ಆಗಲೇ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿದ್ದರು.

ಕಾರಿನವರೆಗೆ ಕಳಿಸಲು ಹೋದ ಬಸವಪ್ರಸಾದನ ತೋಳು ಹಿಡಿದು ಗೋವಿಂದಯ್ಯ ಪಕ್ಕಕ್ಕೆ ಕರೆದ.

"ಪ್ರಸಾದಣ್ಣ, ಹುಡುಗ್ರ ವಿಷ್ಯ ನಿಮ್ಮಪ್ಪನೋರು ತೆಗೀಲೇ ಇಲ್ಲ. ಗೊತ್ತಲ್ಲ ನಿಮಗೆ? ಇವ್ರಿಗೆ ಬೇಕಾಗಿರೋದು ಲೀಗಿನಲ್ಲಿ ನಿಮ್ಮ ಜಾಗ. ಹೊಸದಾಗಿ ಟೀಮು ಕಟ್ಟಿದ್ರೆ ಕೆಳಗಿನ ಡಿವಿಷನ್ನಿಂದ ವರ್ಷಗಟ್ಲೆ ಆಡ್ಕೊಂಡು ಬರ್ಬೇಕು. ಆಟಗಾರ್ರು ಇವ್ರ ಹತ್ರ ಆಗ್ಲೇ ಅವ್ರೆ."

"ನಮ್ಮೋರಲ್ಲಿ ಒಬ್ರೂ ಬ್ಯಾಡ್ವಾ?"

"ತಗೊಂಡೇನ್ ಮಾಡ್ತಾರೆ? ಒಂದು ಮಾತು ನಿಮ್ಮಪ್ಪನೋರ ಕಿವಿಗೆ ಹಾಕ್ಬುಡಿ."

"ಹಾಕ್ತೀನಿ."

ಹಾಕಲಿಲ್ಲ. ಸಂಜೆ ಹಾಲು ಕಾಯಿಸುತ್ತಿದ್ದ ರಮ್ಯಳಿಗೆ ಹೇಳಿದ.

"ಈಗ್ಲೇ ಹೇಳಿದ್ರೆ ಅಪ್ಪಾಜಿ ಅಡ್ವಾನ್ಸ್ ತಗೊಂಡೋಗಿ ಅವ್ರ ಮುಖಕ್ಕೆ ಎಸೀತಾರೆ. ಎಲ್ಲಾ ಅವ್ರ ಹೆಸರಿಗೆ ಆಗ್ಲಿ, ಆಮೇಲೆ ನೋಡಾಣ."

"ಮತ್ತೆ ಆ ಹುಡುಗ್ರು?"

"ಎಲ್ಲಾದ್ರೂ ಆಡ್ಕತಾರೆ. ಕಾಲಿಲ್ವಾ?"

ಹಾಲು ಉಕ್ಕಿ ಬಂತು. ರಮ್ಯ ಉರಿ ತಗ್ಗಿಸಿದಳು, ಪಾತ್ರೆಗೆ ತಟ್ಟೆ ಮುಚ್ಚಿದಳು.

ಫೆಬ್ರವರಿ ನಡುವಿನಲ್ಲಿ ಒಂದು ಬೆಳಿಗ್ಗೆ ಚಿಕ್ಕಮಾದು ಅಭ್ಯಾಸ ಮುಗಿಸಿ, ಒಗೆದ ಶರಟು ಹಾಕಿಕೊಂಡು ಮನೆಯ ಮುಂದೆ ಬಂದು ನಿಂತ. ಗಂಗಾಧರಸ್ವಾಮಿಯವರು ಜಗಲಿಯಲ್ಲಿದ್ದರು.

"ಬುದ್ದಿ, ನೀವು ಅಕ್ಕಿ ಕೊಡೋ ಫ್ಯಾಕ್ಟ್ರಿಯಿಂದ ಕರ್ದವ್ರೆ. ಅವ್ರ ಟೀಮಿಗೆ ಕೀಪರ್ ಬೇಕಂತೆ. ಗೇಟಲ್ಲಿ ಸೆಕ್ಯೂರಿಟಿ ಕೆಲ್ಸ, ಪರ್ಮನೆಂಟು. ಒಂದ್ನೇ ತಾರೀಕು ಸೇರ್ಕೊ ಅಂದವ್ರೆ. ಓಗು ಓಗು ಅಂತ ರಾಚಿ ಪ್ರಾಣ ತಿಂತಾವ್ಳೆ. ನೀವೇನ್ ಏಳ್ತೀರಿ?"

ರಾಚಮ್ಮ ಅವನ ಹೆಂಡತಿ. ಗಂಡನಿಗೆ ಮೂವತ್ತು ದಾಟಿತು, ಗೋಲಿನಲ್ಲಿ ಇನ್ನೆಷ್ಟು ವರ್ಷ ನೆಗೆಯುತ್ತಾನೆ ಎಂಬುದು ಅವಳ ಲೆಕ್ಕ. ಅಂಥ ಕೆಲಸ ಇನ್ನೊಮ್ಮೆ ಬಾಗಿಲಿಗೆ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಗಂಗಾಧರಸ್ವಾಮಿಯವರ ಮುಖ ಬಿಗಿಯಿತು. "ಟವೆಲಿನ ಕೆಳಗೆ ಕೈ ಕೊಟ್ಟು ಟೀಮು ಮಾರಿದ್ದೀನಿ ಕಣಯ್ಯ. ಕೊಂಡೋನು ಬಂದು ನೋಡುವಾಗ ಒಳ್ಳೇದೇ ಒಂದು ಕಮ್ಮಿ ಇದ್ರೆ ಏನಂತಾನೆ? ಒಂದು ತೋರ್ಸಿ ಇನ್ನೊಂದು ಕಟ್ಟಿ ಕಳಿಸ್ದ ಅಂತಾನೆ. ನನ್ನ ಜೀವಮಾನದಲ್ಲಿ ಆ ಮಾತು ಅನ್ನಿಸ್ಕೊಂಡಿಲ್ಲ."

"ಅದು ಸರಿ ಬುದ್ದಿ. ಆದ್ರೆ ಇದು ಪರ್ಮನೆಂಟು..."

"ಬೆಂಗಳೂರಲ್ಲಿ ಇದರ ಎರಡರಷ್ಟು ಕೊಡ್ತಾರೆ. ಬರಲ್ಲ ಅಂತ ಹೇಳಿ ಕಳ್ಸು. ನಾನು ಹೇಳ್ತಾ ಇದ್ದೀನಲ್ಲ."

ಬಾಗಿಲ ಹಿಂದೆ ರಮ್ಯ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದಳು. ಒಂದು ಮಾತು ಸಾಕಿತ್ತು. ಚೊಂಬನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಹೊರಗೆ ಬಂದಳು. ಚಿಕ್ಕಮಾದು ಬಗ್ಗಿ ಬೊಗಸೆ ಒಡ್ಡಿದ. ಅವಳು ಮೇಲಿನಿಂದ ಹುಯ್ದಳು. ಅವನು ಕುಡಿದು ಬಾಯಿ ಒರೆಸಿಕೊಂಡು, "ಬತ್ತೀನಿ ಬುದ್ದಿ, ಬತ್ತೀನ್ರವ್ವ" ಎಂದು ಹೋದ.

ಆ ಮಧ್ಯಾಹ್ನ ಅವಳು ಗಂಡನಿಗೆ ಅಂದಳು: "ಅವನೊಬ್ಬನಿಗಾದ್ರೂ ಹೇಳ್ಬಿಡಿ. ಪರ್ಮನೆಂಟ್ ಕೆಲಸ ಬಿಡ್ತಿದ್ದಾನೆ."

"ಅವನಿಗೆ ಹೇಳೋದೂ ಒಂದೇ, ಅಪ್ಪಾಜಿಗೆ ಹೇಳೋದೂ ಒಂದೇ. ವ್ಯಾಪಾರ ಮುರೀಲಿ ಅಂತೀಯಾ? ನಾಳೆಯಿಂದ ಮತ್ತೆ ಕೋಲು ಹಿಡೀತೀಯಾ?"

ರಮ್ಯ ತನ್ನ ಅಂಗೈ ನೋಡಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಗಟ್ಟಿಯಾಗಿ ಹಳದಿಗಟ್ಟಿತ್ತು. ಎದ್ದು ಪಾತ್ರೆ ತೊಳೆಯಲು ಹೋದಳು.

ತಿಂಗಳ ಕೊನೆಗೆ ಎಲ್ಲವೂ ಬಿಲ್ಡರನ ಹೆಸರಿಗೆ ಆಯಿತು. ಮಿಲ್ಲಿಗೆ ಹೊಸ ಮೆಷಿನ್ ಲಾರಿಯಲ್ಲಿ ಬಂದು ಇಳಿಯಿತು. ಗಂಗಾಧರಸ್ವಾಮಿಯವರು ಶೆಡ್ಡಿನ ಮೇಲಿದ್ದ ತಂದೆಯ ಹೆಸರಿನ ಬೋರ್ಡನ್ನು ತಾವೇ ನಿಂತು ಬಿಚ್ಚಿಸಿ ಒಳಗಿಟ್ಟರು. ಬೋರ್ಡು ಬೇಕು ಎಂದು ಬೆಂಗಳೂರಿನಿಂದ ಯಾರೂ ಕೇಳಲಿಲ್ಲ. ಅವರು ಮರ್ಯಾದಸ್ಥರು ಎಂದು ಇವರಿಗೆ ಸಮಾಧಾನವಾಯಿತು.

ಮಾರ್ಚ್ ಮೊದಲ ವಾರ ಹುಡುಗರು ಹೊರಡುವ ದಿನ ಚನ್ನಾಜಮ್ಮ ಒಬ್ಬಟ್ಟು ಮಾಡಿಸಿದರು. "ಅಲ್ಲಿ ಮೀನೇನು, ಕೋಳಿಯೇನು, ಎಲ್ಲಾ ಸಿಗ್ತದೆ. ಇವತ್ತೊಂದಿನ ಬಾಯಿ ಮುಚ್ಕಂಡು ತುಪ್ಪ ಹಾಕ್ಕಳ್ಳಿ" ಎಂದು ಕೇರಳದ ಹುಡುಗರಿಗೆ ಗದರಿಸಿ ಬಡಿಸಿದರು. ರಮ್ಯ ಒಳಗಿನಿಂದ ತಟ್ಟೆ ತುಂಬಿ ಕಳಿಸಿದಳು, ಹೊರಗೆ ಬರಲಿಲ್ಲ. ಮದನ್ ಎಲ್ಲರನ್ನೂ ಕರೆದುಕೊಂಡು ಬಸ್ಸು ಹತ್ತಿದ.

ಮಾರನೇ ದಿನ ಸಂಜೆ ಅವನೊಬ್ಬನೇ ಬಂದ. ಚಪ್ಪಲಿ ಬಿಡದೆ ನಡುಮನೆಗೆ ನಡೆದ.

"ಗೇಟಲ್ಲೇ ನಿಲ್ಸಿದ್ರು. ಯಾರಪ್ಪ ನೀವು ಅಂದ್ರು. ಟೀಮಿನ ಹುಡುಗ್ರು ಅಂದೆ. ಟೀಮಿನ ಹುಡುಗ್ರು ಒಳಗೆ ಪ್ರ್ಯಾಕ್ಟೀಸ್ ಮಾಡ್ತಾವ್ರೆ, ನೀವ್ಯಾರು ಅಂತ ಮತ್ತೆ ಕೇಳಿದ್ರು."

"ಮ್ಯಾನೇಜರ್ ಹತ್ರ ಮಾತಾಡ್ಬೇಕಿತ್ತು" ಎಂದರು ಗಂಗಾಧರಸ್ವಾಮಿ.

"ಆಡ್ದೆ. ನಾವು ಕೊಂಡಿರೋದು ಜಾಗ, ಜನ ಅಲ್ಲ ಅಂದ. ಕೇರಳದೋರು ಅಲ್ಲಿಂದಲೇ ಊರಿಗೆ ರೈಲು ಹತ್ತಿದ್ರು. ಚಿಕ್ಕಮಾದು ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ. ಮೈಸೂರಲ್ಲಿ ಇಳಿಯುವಾಗ, ಒಂದ್ನೇ ತಾರೀಕು ಓಯ್ತಲ್ಲ ಮದನಣ್ಣ ಅಂದ."

ಗಂಗಾಧರಸ್ವಾಮಿಯವರು ಫೋನಿನ ಹತ್ತಿರ ಹೋಗಿ ಗೋವಿಂದಯ್ಯನಿಗೆ ಡಯಲ್ ಮಾಡಿದರು. ಕೂಗಾಡಿದರು. ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ರಿಸೀವರ್ ಇಟ್ಟು, ಆಗಷ್ಟೇ ಮಿಲ್ಲಿನಿಂದ ಬಂದು ಕಾಲು ತೊಳೆಯುತ್ತಿದ್ದ ಹಿರಿಯ ಮಗನ ಕಡೆ ತಿರುಗಿದರು.

"ನಿಂಗೆ ಅವತ್ತೇ ಹೇಳಿದ್ನಂತೆ."

ಬಸವಪ್ರಸಾದ್ ಚೊಂಬು ಕೆಳಗಿಟ್ಟ. "ಹೇಳಿದ್ದ."

"ಯಾಕೋ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಮಾರ್ತಿದ್ರಾ?"

"ಇಲ್ಲ."

"ಅದಕ್ಕೇ ಬಿಡ್ಲಿಲ್ಲ."

"ಥೂ ನಿನ್ನ ಜನ್ಮಕ್ಕೆ!" ಎಂದ ಮದನ್. "ಒಂದು ಮೆಷಿನ್ನಿಗೆ ಅಷ್ಟು ಜನರ ಹೊಟ್ಟೆ ಮೇಲೆ ಹೊಡೆದ್ಯಲ್ಲೋ."

"ನಿನ್ನ ಹೊಟ್ಟೆ ತುಂಬಿರೋದು ಆ ಮಿಲ್ಲಿಂದ್ಲೇ, ನೆನಪಿರ್ಲಿ. ಅಪ್ಪಾಜಿ, ನನ್ನ ಬೈಬೇಕು ಅಂದ್ರೆ ಬೈರಿ. ನೀವಾದ್ರೂ ಬಾಯಿ ತೆಗೆದು ಒಂದು ಮಾತು ಕೇಳಿದ್ರಾ? ಬೆರಳು ಹಿಸುಕ್ತಾ ಕೂತ್ರಿ. ಅವ್ರೇನು ಜೋಡಿ ಎತ್ತಾ, ಹಲ್ಲು ನೋಡಿ ಹೊಡ್ಕೊಂಡು ಹೋಗಕ್ಕೆ?"

"ಲೇ, ಯಾರ ಮುಂದೆ ಮಾತಾಡ್ತಾ ಇದ್ದೀಯ?" ಎಂದು ಚನ್ನಾಜಮ್ಮ ಗೋಡೆ ಹಿಡಿದು ಎದ್ದರು. ಎದ್ದವರ ಕಣ್ಣು ಸೊಸೆಯ ಮೇಲೆ ನಿಂತಿತು. ರಮ್ಯ ಅಡುಗೆಮನೆಯ ಹೊಸ್ತಿಲಲ್ಲಿದ್ದಳು.

"ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಅವತ್ತು ಚಿಕ್ಕಮಾದುಗೆ ಮಜ್ಜಿಗೆ ಹಾಕಿದ್ಯಲ್ಲೇ."

"ಹಾಕ್ದೆ."

"ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಆದ್ರೆ ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಕೈ ನೋಡಿ ಈ ಮನೇಲಿ ಯಾರಿಗೂ ಏನೂ ಅನ್ನಿಸ್ಲಿಲ್ಲವಲ್ಲ" ಎಂದು ರಮ್ಯ ಒಳಗೆ ಹೋದಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಮಾತು ಅಡುಗೆ ಸಾಮಾನಿಗಷ್ಟೇ ಉಳಿಯಿತು. ಉಪ್ಪು ಎಲ್ಲಿದೆ, ಗ್ಯಾಸು ಖಾಲಿಯಾಯಿತು. ಚನ್ನಾಜಮ್ಮ ಸೊಸೆ ಮಾಡಿದ್ದನ್ನು ಮುಟ್ಟದೆ ಹಿತ್ತಿಲಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ತಮಗೂ ಗಂಡನಿಗೂ ಅನ್ನ ಮಾಡಿದರು. ಆ ಅನ್ನಕ್ಕೆ ಸೀಮೆಎಣ್ಣೆಯ ವಾಸನೆ ಇರುತ್ತಿತ್ತು. ಗಂಗಾಧರಸ್ವಾಮಿಯವರು ಅದನ್ನೇ ಉಣ್ಣುತ್ತಿದ್ದರು. ಮದನ್ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟ್ಲಿನಲ್ಲಿ ತಿಂದು ಬರುತ್ತಿದ್ದ. ಬೆಂಗಳೂರಿಗೆ ಒಮ್ಮೆ ಹೋಗಿ ಕೊಟ್ಟ ದುಡ್ಡು ಹಿಂದಕ್ಕೆ ತಗೊಂಡು ಟೀಮು ವಾಪಸ್ ಕೊಡಿ ಎಂದು ಕೇಳಿ ಬಂದಿದ್ದರು ಗಂಗಾಧರಸ್ವಾಮಿ. ಬಿಲ್ಡರ್ ಕಡೆಯವರು ನಕ್ಕು ಕಾಫಿ ಕೊಟ್ಟು ಕಳಿಸಿದ್ದರು. ಪಕ್ಕದಲ್ಲಿ ಹೊಸ ಮೆಷಿನ್ ಬೆಳಗಿನಿಂದ ಸಂಜೆವರೆಗೆ ಗುಂಯ್‌ಗುಡುತ್ತ ಕಪ್ಪು ಕಾಳು ಆರಿಸುತ್ತಿತ್ತು.

ಮಾರ್ಚ್ ಕೊನೆಯ ಬಿಸಿಲಲ್ಲಿ ಒಂದು ದಿನ ರಾಚಮ್ಮ ಬಂದಳು. ಅಂಗಳದ ನಡುವೆ ನಿಂತು, ಯಾರೂ ಕೇಳುವ ಮುಂಚೆಯೇ ಶುರು ಮಾಡಿದಳು.

"ನಿಮ್ಮ ಮಾತ್ ಕೇಳಿ ಕೆಲ್ಸ ಬುಟ್ಟ ಬುದ್ದಿ. ಈಗ ಹೊಳೆತಾವ ಲಾರಿಗೆ ಮರಳು ತುಂಬ್ತಾವ್ನೆ. ಚೆಂಡ್ ಇಡಿಯೋ ಕೈಯಿ, ಸಲ್ಕೆ ಇಡ್ದು ಬೊಬ್ಬೆ ಬಂದದೆ."

"ಮಿಲ್ಲಲ್ಲಿ ಕೆಲ್ಸ ಕೊಡ್ತೀನಿ ಕಣವ್ವ, ಬರಾಕೆ ಹೇಳು" ಎಂದರು ಗಂಗಾಧರಸ್ವಾಮಿ.

"ಮೂಟೆ ಓರದಾ? ಅದ್ನ ನರಸೀಪುರದಲ್ಲೇ ಓರ್ತಾನೆ ಬುಡಿ. ನಿಮ್ಮ ಮಿಲ್ಲೂ ಬ್ಯಾಡ, ನಿಮ್ಮ ದುಡ್ಡೂ ಬ್ಯಾಡ. ಫ್ಯಾಕ್ಟ್ರಿಲಿ ಇನ್ನೊಂದು ಜಾಗ ಆಗದೆ ಅಂತೆ. ಅಲ್ಲಿನ ಆಫೀಸರ್ರು, ಕರ್ದು ಕೊಟ್ರೆ ಒದ್ದು ಓದೋನು ಅಂತ ಇವನ ಎಸ್ರೇ ಒಡ್ದಾಕವ್ರೆ. ನೀವು ಬಂದು, ಅವನು ಬತ್ತಿದ್ದ, ನಾನೇ ಬ್ಯಾಡ ಅಂದೆ ಅಂತ ಒಂದ್ ಮಾತು ಏಳಿ. ಅಷ್ಟೇಯಾ. ದೊಡ್ಡೋರ ಬಾಯಲ್ಲಿ ಬಂದ್ರೆ ಕೇಳ್ತಾರೆ."

"ಅಷ್ಟೇ ತಾನೆ? ಬರ್ತೀನಿ."

"ನಿಜ್ವಾಗ್ಲೂ ಏಳ್ತೀರಾ?"

"ನಾನೇ ಬೇಡ ಅಂದೆ ಅಂತ ಹೇಳಕ್ಕೇನಮ್ಮ? ಅಂದಿದ್ದು ನಾನೇ."

ರಾಚಮ್ಮ ಅವರ ಮುಖವನ್ನೇ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಬಸವಪ್ರಸಾದನಿಗೆ ಸುದ್ದಿ ತಲುಪಿದ್ದೇ ಮಿಲ್ಲಿನಿಂದ ಓಡಿ ಬಂದ. "ಕ್ಯಾಂಟೀನ್ ಅಕ್ಕಿಗೆ ಸೈನ್ ಹಾಕೋನು ಅದೇ ಆಫೀಸರ್ ಅಪ್ಪಾಜಿ. ಅವನ ಮುಂದೆ ಕೂತು, ನನ್ನ ಮಗ ಹಿಂಗ್ ಮಾಡ್ದ ಅಂತ ಮನೆ ಮಾನ ಹರಾಜು ಹಾಕ್ತೀರಾ?"

"ನಿನ್ನ ಸುದ್ದಿ ಯಾವನು ಎತ್ತುತ್ತಾನೆ? ನನ್ನ ತಪ್ಪು ನಾನು ಹೇಳ್ತೀನಿ. ನೀನು ಹೇಳ್ದೆ ಮುಚ್ಚಿಟ್ಯಲ್ಲ, ಹಂಗೆ ಬದುಕೋನಲ್ಲ ನಾನು."

ಹಿತ್ತಿಲಿನಿಂದ ಚನ್ನಾಜಮ್ಮ ಕೇಳಿಸಿಕೊಂಡರು. ಗಂಡನಿಗೆ ಇಸ್ತ್ರಿ ಮಾಡಿದ ಪಂಚೆ ತೆಗೆದಿಟ್ಟರು.

ಫ್ಯಾಕ್ಟರಿಯ ಆಫೀಸಿನಲ್ಲಿ ಚಿಕ್ಕಮಾದು ಬಾಗಿಲ ಪಕ್ಕ ನಿಂತ. ಆಫೀಸರ್ ಎದ್ದು ಬಂದು ಗಂಗಾಧರಸ್ವಾಮಿಯವರಿಗೆ ಕೈ ಮುಗಿದು ಕುರ್ಚಿ ಎಳೆದು ಕೊಟ್ಟರು. ಟೀ ತರಿಸಿದರು.

"ನೀವ್ಯಾಕೆ ಬರೋಕೆ ಹೋದ್ರಿ ಯಜಮಾನ್ರೇ? ಹೇಳಿ ಕಳ್ಸಿದ್ರೆ ಸಾಕಿತ್ತು. ನಿಮ್ಮ ಅಕ್ಕಿ ಈಗ ನೋಡೋಕೇ ಚೆಂದ. ವರ್ಕರ್‌ಗಳು ಕಂಪ್ಲೇಂಟ್ ಮಾಡೋದೇ ಬಿಟ್ರು."

"ನಿಮ್ಮ ದಯ."

"ಟೀಮು ಕೊಟ್ಟಿರಂತೆ? ಊರೆಲ್ಲ ಅದೇ ಮಾತು. ಬೆಂಗಳೂರಿನ ಬಿಲ್ಡರ್‌ನನ್ನೇ ಟವೆಲು ಹಾಸಿ ಕೂರ್ಸಿದ್ರಂತಲ್ಲ! ನಿಮಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ ಬಿಡಿ" ಎಂದು ಆಫೀಸರ್ ಮನಸಾರೆ ನಕ್ಕರು. ಪಕ್ಕದ ಮೇಜಿನ ಗುಮಾಸ್ತನೂ ನಕ್ಕ.

ಗಂಗಾಧರಸ್ವಾಮಿಯವರು ಟೀ ಲೋಟವನ್ನು ಎತ್ತಿ, ಕುಡಿಯದೆ ಇಟ್ಟರು.

"ಹೇಳಿ, ಈ ಹುಡುಗನದೇನು?"

ಫ್ಯಾನು ತಿರುಗುತ್ತಿತ್ತು. ಆಫೀಸರ್ ಕಾದರು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ನೋಡಿದ. ಚಿಕ್ಕಮಾದು ನೆಲ ನೋಡುತ್ತಿದ್ದವನು ತಲೆ ಎತ್ತಿದ.

"ಹುಡುಗ..." ಎಂದರು ಗಂಗಾಧರಸ್ವಾಮಿ. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. "ಹುಡುಗ ತಿಳೀದೆ ಮಾಡ್ಬುಟ್ಟ. ಬೆಂಗಳೂರು ಅಂದ ತಕ್ಷಣ ವಯಸ್ಸಿನೋರಿಗೆ ಆಸೆ ನೋಡಿ. ನೀವು ದೊಡ್ಡ ಮನಸ್ಸು ಮಾಡ್ಬೇಕು."

"ಅದನ್ನೇ ನಾನೂ ಅಂದಿದ್ದು. ಇವತ್ತು ಬೆಂಗಳೂರು ಅಂತ ಹೋದೋನು ನಾಳೆ ಇನ್ನೆಲ್ಲಿಗೋ ಹೋಗ್ತಾನೆ. ಕಂಪ್ನಿ ನಂಬೋದು ಹೆಂಗೆ? ಆದ್ರೂ ನೀವು ಬಂದಿದ್ದೀರಿ, ಇಲ್ಲ ಅನ್ನಲ್ಲ. ಮುಂದೆ ನೋಡೋಣ."

ಅಲ್ಲಿಗೆ ಮಾತು ಮುಗಿಯಿತು. ಗೇಟಿನಿಂದ ಬಸ್‌ಸ್ಟಾಪಿನವರೆಗೆ ಯಾವಾಗಲೂ ಹಿಂದೆ ನಡೆಯುವ ಚಿಕ್ಕಮಾದು ಅವತ್ತು ಮುಂದೆ ನಡೆದ. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತ. ಬತ್ತೀನಿ ಅನ್ನಲಿಲ್ಲ. ತಿರುಗಿ ನೋಡಲೂ ಇಲ್ಲ.

ಮನೆಯಲ್ಲಿ ಚನ್ನಾಜಮ್ಮ ಬಾಗಿಲಲ್ಲೇ ಕಾದಿದ್ದರು.

"ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಮುಂದೆ ನೋಡೋಣ ಅಂದ್ರು."

"ಹಂಗಂದ್ರೆ ಕೆಲ್ಸ ಆದಂಗೇ ಬಿಡಿ. ನೀವು ಬಾಯಿಬಿಟ್ಟು ಹೇಳಿದ್ಮೇಲೆ ಅವ್ರು ಇಲ್ಲ ಅಂತಾರಾ?" ಚನ್ನಾಜಮ್ಮನವರ ಮುಖ ಎಷ್ಟೋ ದಿನದ ಮೇಲೆ ಬಿಚ್ಚಿಕೊಂಡಿತು. ಒಳಗೆ ತಿರುಗಿ ಕೂಗಿದರು: "ರಮ್ಯ, ಇವತ್ತು ಎಲ್ಲರಿಗೂ ಒಂದೇ ಕಡೆ ಅಡುಗೆ ಮಾಡು. ಆ ಸ್ಟೌ ಹಚ್ಚಿ ಹಚ್ಚಿ ನನ್ನ ಕಣ್ಣು ಹೋಯ್ತು."

ಬಸವಪ್ರಸಾದ್ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ನನ್ನ ಹೆಸರು?"

"ಎತ್ತಲಿಲ್ಲ."

ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮದನ್ ಕೂಡ ಮನೆಯಲ್ಲೇ ಉಂಡ, "ಅಂತೂ ಒಬ್ಬರಾದ್ರೂ ನಿಜ ಹೇಳಿದ್ರಲ್ಲ ಈ ಮನೇಲಿ" ಎಂದು ಅಣ್ಣನಿಗೆ ಕೇಳುವಂತೆ ಅಂದ. ಅಣ್ಣ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ರಮ್ಯ ಸಾರು ಬಡಿಸುತ್ತ ಮಾವನ ಎದುರು ಒಂದು ಗಳಿಗೆ ಹೆಚ್ಚು ನಿಂತಳು. ಗಂಗಾಧರಸ್ವಾಮಿಯವರು ತಲೆ ಎತ್ತದೆ, ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು.

ಬೆಳಿಗ್ಗೆ ಅಕ್ಕಿರೊಟ್ಟಿ, ಕಾಯಿ ಚಟ್ನಿ. ಮಕ್ಕಳಿಬ್ಬರೂ ಆಗಲೇ ಹೊರಗೆ ಹೋಗಿದ್ದರು. ಚನ್ನಾಜಮ್ಮ ದೇವರ ಮನೆಯಲ್ಲಿದ್ದರು. ಗಂಗಾಧರಸ್ವಾಮಿಯವರು ಎರಡನೇ ರೊಟ್ಟಿ ಮುರಿಯುವಾಗ ಹೊರಗಿನಿಂದ ಕೂಗು ಬಂತು.

"ಬುದ್ದಿ ಅವ್ರಾ ಒಳಗೆ?"

ರಾಚಮ್ಮನ ಗಂಟಲು. ಮೊದಲ ಬಸ್ಸಿಗೇ ಹೊರಟು ಬಂದಿರಬೇಕು.

ಗಂಗಾಧರಸ್ವಾಮಿಯವರ ಕೈ ನಿಂತಿತು. ದೇವರ ಮನೆಯಿಂದ ಗಂಟೆ ಕೇಳುತ್ತಿತ್ತು. ರಮ್ಯ ಕಾವಲಿಯ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಬಂದು ಮಾವನ ಮುಂದೆ ನಿಂತಳು.

"ನೀವು ಮನೇಲಿಲ್ಲ ಅಂತ ಹೇಳ್ಲಾ ಮಾವ?"

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಗಂಗಾಧರಸ್ವಾಮಿಯವರು ಸೊಸೆಯ ಮುಖವನ್ನು ನೋಡಿದರು. ಬೇಡ ಅನ್ನಲಿಲ್ಲ.

ರಮ್ಯ ಹೊರಗೆ ಹೋದಳು. "ಮಾವನೋರು ಇಲ್ಲ ಕಣಮ್ಮ. ಹೊರಗೆ ಹೋಗವ್ರೆ" ಎಂದದ್ದು ಒಳಗೆ ಸ್ಪಷ್ಟವಾಗಿ ಕೇಳಿಸಿತು.

"ಎಷ್ಟೊತ್ಗೆ ಬತ್ತಾರೆ?"

"ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಓಗ್ಲಿ ಬುಡ್ರವ್ವ. ಬರೋಗಂಟ ಇಲ್ಲೇ ಕುಂತಿರ್ತೀನಿ" ಎಂದು ರಾಚಮ್ಮ ಮೆಟ್ಟಿಲು ಹತ್ತಿ ಬಂದು ಜಗಲಿಯ ಮೇಲೆ ಕೂತಳು.